ಇಸ್ತ್ರಿ ಮಾವನ ಮೂಗು

ಸುಟ್ಟ ವಾಸನೆ ಮೊದಲು ಬಡಿದದ್ದು ಬಾಗಿಲ ಹತ್ತಿರ ನಿಂತಿದ್ದ ಗುಬ್ಬಿಗೆ. ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಇದ್ದ ಅವಳ ಸೋದರಮಾವ ಮಾತ್ರ ಅವಳ ಕಾಲೇಜು ತಂಡಕ್ಕೆಂದು ಹೊಲಿಸಿದ್ದ ಇನ್ನೊಂದು ಅಂಗಿಯನ್ನು ಎತ್ತಿ ಹಿಡಿದು, ಅದರ ಬೆನ್ನಿನ ಮೇಲೆ ಅಚ್ಚಾಗಿದ್ದ ಹೆಸರುಗಳಲ್ಲಿ ತನ್ನದನ್ನು ತೋರಿಸುವುದರಲ್ಲೇ ಮುಳುಗಿದ್ದ.

"ನೋಡು, ಪ್ರೊಫೆಸರ್ ಕೆಳಗೇ ನಾನು. ನಿಮ್ಮಮ್ಮಂಗೆ ತೋರಿಸಿದ್ಯಾ?"

"ಮಾವ, ಪೆಟ್ಟಿಗೆ," ಎಂದಳು ಗುಬ್ಬಿ.

ಅವನು ತಿರುಗಿ ಪೆಟ್ಟಿಗೆ ಎತ್ತುವಷ್ಟರಲ್ಲಿ ಮೇಜಿನ ಮೇಲಿದ್ದ ಅಂಗಿಯಲ್ಲಿ ಕಂದು ಗುರುತು ಮೂಡಿ ಹೊಗೆ ಏಳುತ್ತಿತ್ತು. ಹೊಗೆ ಕಣ್ಣಿಗೆ ಬಿದ್ದ ಮೇಲೆ ಅವನು ಮೂಗು ಮುಚ್ಚಿಕೊಂಡ. ಆ ಮೂಗು ತಡವಾಗಿ ಮುಚ್ಚಿದ್ದನ್ನು ಗುಬ್ಬಿ ಗಮನಿಸಿದಳು.

ಇಸ್ತ್ರಿ ಮಾವನ ಮೂಗು ಎಂದರೆ ಆ ಬೀದಿಗೆಲ್ಲ ಹೆಸರುವಾಸಿ. ಬಟ್ಟೆ ಸೀಯುವ ಮೊದಲೇ ಅದಕ್ಕೆ ಸುಳಿವು ಸಿಗುತ್ತದೆ ಎಂದು ಗಿರಾಕಿಗಳು ರೇಷ್ಮೆಯನ್ನೂ ಕಣ್ಣು ಮುಚ್ಚಿ ಕೊಟ್ಟುಹೋಗುತ್ತಿದ್ದರು. ಆ ಮೂಗನ್ನು ನಂಬಿಯೇ ಗುಬ್ಬಿ ಅವನನ್ನು ತನ್ನ ಕಾಲೇಜು ತಂಡದ ಕೆಲಸಕ್ಕೆ ಎಳೆದು ತಂದಿದ್ದಳು. ತಂಡದವರು ಬ್ಯಾಕ್ಟೀರಿಯಾಕ್ಕೆ ಹೊಸ ಜೀನ್ ಸೇರಿಸಿ, ಚರಂಡಿ ನೀರಿನ ನಾತವನ್ನು ತಿಂದುಹಾಕುವ ತಳಿಯೊಂದನ್ನು ತಯಾರಿಸಿದ್ದರು. ಅದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಹೇಳಲು ಮೂಗುಗಳು ಬೇಕಿದ್ದವು. ಬ್ಯಾಕ್ಟೀರಿಯಾವನ್ನೆಲ್ಲ ಸೋಸಿ ತೆಗೆದ ನೀರನ್ನು ಶೀಶೆಗಳಿಗೆ ತುಂಬಿ, ಬಂದವರಿಗೆ ಮೂಸಲು ಕೊಟ್ಟು ಅಂಕ ಹಾಕಿಸಿದರು. ಉಳಿದವರ ಅಂಕಗಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮಾವ ಮಾತ್ರ ನಾತ ಕಳೆದ ಶೀಶೆಗಳನ್ನು ಒಂದೂ ತಪ್ಪದೆ ಹೆಕ್ಕಿಕೊಟ್ಟಿದ್ದ.

ನಾಳೆ ಸ್ಪರ್ಧೆಯ ತೀರ್ಪುಗಾರರ ಮುಂದೆ ತಂಡ ಹೇಳಿಕೊಳ್ಳಲಿದ್ದ ಗೆಲುವೆಲ್ಲ ನಿಂತಿದ್ದುದು ಆ ಅಂಕಗಳ ಮೇಲೆ. ಯಾರು ಯಾರು ಏನೇನು ನೆರವಾದರು ಎಂದು ಹೇಳುವ ತಂಡದ ವೆಬ್‌ಪುಟದಲ್ಲಿ ಅವನ ಹೆಸರಿನ ಮುಂದೆ ವಾಸನೆ ಪರೀಕ್ಷೆ ಎಂದು ಬರೆದವಳೂ ಗುಬ್ಬಿಯೇ. ಸಂಜೆಗೆ ಆ ಪುಟ ಮುಚ್ಚುತ್ತದೆ. ಆಮೇಲೆ ಒಂದಕ್ಷರ ತಿದ್ದುವಂತಿಲ್ಲ.

"ಯಾವಾಗಿಂದ ಹೀಗೆ?" ಎಂದು ಕೇಳಿದಳು.

ಮಾವ ಮೊದಲು ನೆಗಡಿಯ ಮೇಲೆ ಹಾಕಿದ. ಅವಳು ಅದನ್ನು ನಂಬದಿದ್ದಾಗ, ಹೋದ ವರ್ಷದ ಜ್ವರದ ಮಾತೆತ್ತಿದ. ಜ್ವರ ಇಳಿಯಿತು, ಮೂಗು ಮಾತ್ರ ವಾಪಸು ಬರಲಿಲ್ಲ. ಹೆಂಡತಿಗೂ ಹೇಳಿಲ್ಲವಂತೆ. ಇಸ್ತ್ರಿಯವನಿಗೆ ವಾಸನೆಯೇ ತಿಳಿಯದು ಅಂದರೆ ಯಾರು ತಾನೇ ಬಟ್ಟೆ ತಂದಾರು ಎಂದು ಅವನೇ ಅವಳನ್ನು ಕೇಳಿದ.

"ಮತ್ತೆ ಆ ಶೀಶೆಗಳು?"

"ನಿನ್ನ ಮುಖ ನೋಡ್ದೆ. ಒಳ್ಳೇದು ಕೈಗೆ ಕೊಡುವಾಗ ನಿನ್ನ ಮುಖ ಅರಳ್ತಿತ್ತು. ನೀನು ಅಷ್ಟು ಆಸೆಯಿಂದ ನನ್ನ ಕರ್ಕೊಂಡು ಹೋಗಿದ್ದೆ, ನಿಂಗೆ ಒಳ್ಳೇದಾಗ್ಲಿ ಅಂತ..." ಅವನು ಮಾತು ಮುಗಿಸದೆ, ಸುಟ್ಟ ಗುರುತನ್ನು ಒದ್ದೆ ಬಟ್ಟೆಯಿಂದ ತಿಕ್ಕತೊಡಗಿದ. ಅದು ಹೋಗುವ ಗುರುತಲ್ಲವೆಂದು ಅವನಿಗೆ ಗೊತ್ತಿಲ್ಲದೇ ಇರಲಿಲ್ಲ.

ಗುಬ್ಬಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಶೀಶೆ ಕೊಡುವವರಿಗೆ ಯಾವುದರಲ್ಲಿ ಏನಿದೆ ಎಂದು ತಿಳಿದಿರಬಾರದು ಎಂಬುದು ಪರೀಕ್ಷೆಯ ಮೊದಲ ನಿಯಮ. ಅಂದು ಕೊಡಬೇಕಾಗಿದ್ದ ತಂಡದ ಹುಡುಗ ಚಹಾಕ್ಕೆಂದು ಹೋದವನು ಪತ್ತೆಯೇ ಇರಲಿಲ್ಲ. ಶೀಶೆಗಳನ್ನು ತುಂಬಿದ್ದ ಅವಳೇ, ಮಾವ ಕಾಯಬಾರದೆಂದು ಕೊಡಲು ನಿಂತಳು. ಅವನು ಶೀಶೆಗೆ ಮೂಗಿಟ್ಟು ಕಣ್ಣನ್ನು ಅವಳ ಮುಖದ ಮೇಲೆ ನೆಟ್ಟದ್ದು ಎರಡನೆಯ ಶೀಶೆಗೇ ಅವಳಿಗೆ ಕಂಡಿತ್ತು. ನಿಲ್ಲಿಸಬಹುದಿತ್ತು. ಬದಲಿಗೆ ಮೂರನೆಯದನ್ನು ಕೊಡುವಾಗ ಸ್ವಲ್ಪ ಹೆಚ್ಚೇ ನಕ್ಕಳು. ಇಷ್ಟು ದಿನವೂ ಅವನ ಆ ನೋಟವನ್ನು ಅಕ್ಕರೆ ಎಂದು ತನಗೆ ತಾನೇ ಹೇಳಿಕೊಂಡು ಓಡಾಡುತ್ತಿದ್ದಳು. ಮಾವ ಬಚ್ಚಿಟ್ಟದ್ದು ಹೊಟ್ಟೆಪಾಡಿಗೆ. ತಾನು ಬಚ್ಚಿಟ್ಟದ್ದು ಒಂದು ಬಹುಮಾನಕ್ಕೆ. ನಾಚಿಕೆಯಿಂದ ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಅಲ್ಲೇ ನಿಂತು ತಂಡದ ನಾಯಕಿಗೆ ಫೋನ್ ಮಾಡಿದಳು.

"ಮಾವನ ಅಂಕ ಅಷ್ಟೂ ತೆಗೆದುಬಿಡು. ಶೀಶೆ ಕೊಟ್ಟವಳು ನಾನು. ಯಾವುದರಲ್ಲಿ ಏನಿದೆ ಅಂತ ನಂಗೆ ಗೊತ್ತಿತ್ತು, ಮುಖದಲ್ಲಿ ತೋರಿಸಿಕೊಂಡೆ. ಹಾಗಂತಲೇ ಪುಟದಲ್ಲಿ ಬರಿ."

ನಾಯಕಿ ಬೈಯಲಿಲ್ಲ. ಇದನ್ನು ಹೇಳಲು ಇವತ್ತೇ ಬೇಕಾಯಿತಾ ಎಂದಳು, ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಹಾಗಾದರೆ ಪುಟದಿಂದ ಮಾವನ ಹೆಸರನ್ನೂ ತೆಗೆಯಲೇ ಎಂದು ನಾಯಕಿ ಕೇಳಿದಳು.

ಮಾವನಿಗೆ ಅದು ಕೇಳಿಸಿರಬೇಕು. "ತೆಗೆದುಬಿಡ್ಲಿ ಬಿಡು," ಎಂದ ಮೆಲ್ಲಗೆ. ಹೇಳುತ್ತಲೇ, ಎತ್ತಿ ತೋರಿಸಿದ್ದ ಅಂಗಿಯನ್ನು ಹೆಸರು ಒಳಗಾಗುವಂತೆ ಮಡಚಿಟ್ಟ.

"ಇರ್ಲಿ," ಎಂದಳು ಗುಬ್ಬಿ ಫೋನಿನಲ್ಲಿ. "ಅಂಗಿ ಇಸ್ತ್ರಿ ಅಂತ ಬರಿ."

ಫೋನ್ ಇಟ್ಟು, ಸುಟ್ಟ ಅಂಗಿ ತನಗೇ ಇರಲಿ ಎಂದು ಅವಳು ಚೀಲಕ್ಕೆ ತುರುಕಿಕೊಂಡು ಹೊರಡಲು ನೋಡಿದಳು. ಇನ್ನೂ ಐದಾರು ಅಂಗಿಗಳು ಉಳಿದಿದ್ದವು. ಮಾವ ಒಂದನ್ನು ಮೇಜಿನ ಮೇಲೆ ಹಾಸಿ, ನೀರು ಚಿಮುಕಿಸಿ, ಪೆಟ್ಟಿಗೆಗೆ ಕೈ ಹಾಕಿದವನು ತಡೆದು ನಿಂತ.

"ಸ್ವಲ್ಪ ಹೊತ್ತು ನಿಂತ್ಕೊಳ್ತೀಯಾ?"

ಅವಳು ಚೀಲ ಕೆಳಗಿಟ್ಟು ಬಂದು ಮೇಜಿನ ಎದುರು ನಿಂತಳು. ಪೆಟ್ಟಿಗೆ ನಿಧಾನವಾಗಿ ಬಟ್ಟೆಯ ಮೇಲೆ ಸರಿಯತೊಡಗಿತು. ಮಾವ ಬಟ್ಟೆಯನ್ನು ನೋಡುತ್ತಿರಲಿಲ್ಲ. ಅಂದಿನಂತೆಯೇ ಅವಳ ಮುಖವನ್ನೇ ನೋಡುತ್ತಿದ್ದ.