ಕೆಂಪು ಪಟ್ಟಿಯ ಬಾಂಡ್ಲಿ

ನಾನು ಮಣ್ಣು ಹೊರುವ ಒಂದು ಬಾಂಡ್ಲಿ. ಕಬ್ಬಿಣದ ಹಾಳೆಯನ್ನು ಯಂತ್ರ ಒಂದೇ ಏಟಿಗೆ ಒತ್ತಿದಾಗ ನನಗೆ ಈ ಹೊಟ್ಟೆ ಬಂತು. ಕೈ ಕುಯ್ಯದಿರಲೆಂದು ಅಂಚನ್ನು ಹೊರಕ್ಕೆ ಸುರುಳಿಯಾಗಿ ಮಡಿಸಿದರು. ಆ ಮಡಿಕೆಯ ಮೇಲೆ ನನಗೆ ಹೆಮ್ಮೆಯಿತ್ತು. ಈಗ ನೆನೆದರೆ, ಅದೊಂದು ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ನನ್ನನ್ನು ಕೊಂಡದ್ದು ಒಂದು ಸಂಸ್ಥೆ. ಊರಾಚೆಯ ಕಾಲೋನಿಗೆ ಅಂಟಿಕೊಂಡು ಎರಡು ಎಕರೆ ಜಾಗವಿತ್ತು. ಅಲ್ಲಿನ ಒಂದು ಶೆಡ್ಡಿನಲ್ಲಿ ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರಂತೆ. ಶೆಡ್ಡಿನ ಯಜಮಾನ ಬೀಗ ಹಾಕಿ ಹೋದ. ವಿಷ ನೆಲದಲ್ಲೇ ಉಳಿಯಿತು. ಆ ಮಣ್ಣು ತೆಗೆದು, ಹೊಸ ಮಣ್ಣು ಹಾಕಿ, ಕಾಲೋನಿಯ ಹೆಂಗಸರ ಸಂಘಕ್ಕೆ ಕನಕಾಂಬರ ಬೆಳೆಯಲು ಬಿಟ್ಟುಕೊಡುವುದೆಂದು ಮಾತಾಗಿತ್ತು. ಸ್ವಂತಕ್ಕೆ ಒಂದು ಗೇಣು ನೆಲವಿಲ್ಲದವರು ಅವರು.

ಕೆಲಸ ನೋಡಿಕೊಳ್ಳಲು ಬಂದ ವಸುಂಧರಾ ಮೇಡಂ ಹೊಸ ಮಣ್ಣಿನ ಬಾಂಡ್ಲಿಗಳಿಗೆ ಹಸಿರು ಪಟ್ಟಿ ಬಳಿಸಿದರು, ವಿಷದ ಮಣ್ಣಿನವಕ್ಕೆ ಕೆಂಪು. ಕೆಂಪಿನವು ಗೇಟು ದಾಟಬಾರದು. ಕೊನೆಗೆ ಆ ಮಣ್ಣಿನ ಜೊತೆಗೇ ಗುಂಡಿಯಲ್ಲಿ ಹೂಳಬೇಕು. ನನಗೆ ಬಿದ್ದದ್ದು ಕೆಂಪು.

ನನ್ನನ್ನು ಹೊತ್ತವಳು ಹೊಂಬಾಳಮ್ಮ. ಮುಖಕ್ಕಿಂತ ಮೊದಲು ನಾನು ಕಂಡದ್ದು ಅವಳ ನರೆತ ಬೈತಲೆ. ಹಳೇ ಸೀರೆ ಸುತ್ತಿದ ಸಿಂಬಿಯ ಮೂಲಕ ಅವಳ ಮನಸ್ಸು ನನಗೆ ತಿಳಿಯುತ್ತಿತ್ತು. ಸಂಕಟವಿದ್ದ ದಿನ ಕತ್ತು ಬಿಗಿಯಾಗಿರುತ್ತಿತ್ತು. ಅದೇ ಶೆಡ್ಡಿನಲ್ಲಿ ಅವಳು ವರ್ಷಗಟ್ಟಲೆ ಬ್ಯಾಟರಿ ಒಡೆದಿದ್ದಳು. "ನಾ ಚೆಲ್ಲಿದ್ನ ನಾನೇ ಬಾಚ್ತಾ ಇವ್ನಿ" ಎಂದು ಮೂಗಿಗೆ ಕಟ್ಟಿದ ಬಟ್ಟೆಯೊಳಗೇ ನಗುತ್ತಿದ್ದಳು. ಮಗಳು ದೇವೀರಿ ಬಸುರಿ ಎಂಬ ಸುದ್ದಿ ಬಂದ ದಿನ ನಾನು ಅವಳ ತಲೆಯ ಮೇಲೆ ಹಗುರಾಗಿದ್ದೆ.

ಕೆಲಸ ಮುಗಿಯುವ ಹೊತ್ತಿಗೆ ಆಯುಧಪೂಜೆ ಬಂತು. ಹೆಂಗಸರು ಸನಿಕೆ, ಗುದ್ದಲಿ, ಬಾಂಡ್ಲಿ ಎಲ್ಲವನ್ನೂ ತೊಳೆದು ಕುಂಕುಮ ಇಟ್ಟು ಕೈ ಮುಗಿದರು. ಎರಡು ದಿನ ಕಳೆದು ಹೂಳುವ ಅಪ್ಪಣೆಯಾಯಿತು.

"ಮೊನ್ನೆ ಪೂಜೆ ಮಾಡಿ ಇವತ್ತು ಹೂಳದಾ? ಇದೇನು ಹೆಣವಾ?" ಎಂದಳು ಹೊಂಬಾಳಮ್ಮ.

"ಮೇಡಮ್ಮೋರು ಉಗೀತಾರೆ ಕಣಕ್ಕೋ" ಎಂದಳು ಪಕ್ಕದ ಜವರಮ್ಮ.

"ತೊಳುದ್ರೆ ಹೋಗ್ದೇ ಇರೋದು ಏನದೆ? ಸುಮ್ಕಿರಮ್ಮಿ."

ಸೆರಗು ಮುಚ್ಚಿ ನನ್ನನ್ನು ಮನೆಗೆ ತಂದಳು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಇಟ್ಟಿಗೆ ಚೂರಿನಿಂದ ಕೆಂಪು ಪಟ್ಟಿಯನ್ನೂ ಉಜ್ಜಿ ತೆಗೆದಳು. ನನ್ನ ಮಡಿಕೆಯೊಳಗೆ ಮಾತ್ರ ಅವಳ ಬೆರಳು ಹೋಗಲಿಲ್ಲ.

ದೇವೀರಿ ಹೆರಿಗೆಗೆ ಬಂದಳು. ಬಾಣಂತಿಗೆ ನೀರು ಕಾಯಿಸಲು ಹೊಸ ಒಲೆ ಬೇಕಲ್ಲ. ಕೆರೆಯ ಮಣ್ಣನ್ನು ನನ್ನಲ್ಲೇ ಕಲಸಿದಳು ತಾಯಿ. ವಾರವಾರವೂ ಒಲೆ ಮೆತ್ತಲು ಮತ್ತೆ ಕಲಸುತ್ತಿದ್ದಳು. ದೇವೀರಿಗೆ ಮಣ್ಣಿನ ಬಯಕೆ. ನನ್ನ ಅಂಚಿಗೆ ಅಂಟಿ ಒಣಗಿದ ಮಣ್ಣನ್ನು ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ತಿನ್ನು ಮಗಾ. ನಿನ್ನ ಹೊಟ್ಟೇಲಿಟ್ಕಂಡು ನಾನೂ ತಿಂದಿವ್ನಿ" ಎಂದು ತಾಯಿ ನಕ್ಕಳು. ಆ ನಗು ನನಗೆ ಮರೆಯುವುದಿಲ್ಲ.

ಮಗುವಿಗೆ ನಾಲ್ಕು ತಿಂಗಳಾದಾಗ ಕಾಲೋನಿಯ ಮಕ್ಕಳ ರಕ್ತ ಪರೀಕ್ಷೆಯಾಯಿತು. ಉಳಿದೆಲ್ಲರಲ್ಲೂ ಸೀಸ ಮೊದಲಿಗಿಂತ ಇಳಿದಿತ್ತು, ದೇವೀರಿಯ ಮಗುವಿನಲ್ಲಿ ಮಾತ್ರ ತೀರಾ ಹೆಚ್ಚಿತ್ತು. ನೆಲದಲ್ಲಿ ವಿಷ ಇನ್ನೂ ಇದೆ ಎಂದು ಮೇಲಿನವರು ಜಾಗ ಬಿಟ್ಟುಕೊಡುವುದನ್ನು ತಡೆದರು. ನಾಟಿಗೆ ತಂದಿದ್ದ ಕನಕಾಂಬರದ ಸಸಿಗಳು ಗೇಟಿನ ಬಳಿ ಬಾಡಿದವು.

ಮೇಡಂ ಮನೆಗೆ ಬಂದು ದೇವೀರಿಯನ್ನು ಕೇಳಿದರು: "ಬಸುರಿಯಿದ್ದಾಗ ಏನೇನು ತಿಂದೆಯಮ್ಮ? ಮಣ್ಣೇನಾದ್ರೂ?"

"ಒಲೆ ಮಣ್ಣು ಒಸಿ ತಿಂದೆ. ಅದು ಕೆರೇದು, ಅವ್ವ ಕಲಸಿದ್ದು."

ಮೇಡಂ ತಲೆಯಾಡಿಸಿ ಹೋದರು. ಮೂಲೆಯಲ್ಲಿದ್ದ ನನ್ನನ್ನು ಹೊಂಬಾಳಮ್ಮ ನೋಡಿದಳು. ಮೂರು ದಿನ ಬರೀ ನೋಡಿದಳು. ಸುಮ್ಮನಿದ್ದರೆ ತಪ್ಪು ನೆಲದ್ದಾಗುತ್ತಿತ್ತು, ಮಗಳು ಮಗಳಾಗಿಯೇ ಇರುತ್ತಿದ್ದಳು.

ನಾಲ್ಕನೆಯ ದಿನ ಸಿಂಬಿಯಿಲ್ಲದೆ ನನ್ನನ್ನು ತಲೆಗೇರಿಸಿ ಗೇಟಿಗೆ ನಡೆದಳು. ಅಲ್ಲಿ ಹೆಂಗಸರು ಸಸಿಗಳ ಸುತ್ತ ಕೂತಿದ್ದರು. ಮೇಡಂ ಇದ್ದರು, ಮಗುವನ್ನು ಎತ್ತಿಕೊಂಡು ದೇವೀರಿಯೂ ಇದ್ದಳು. ಎಲ್ಲರ ಮುಂದೆ ನನ್ನನ್ನು ಇಳಿಸಿದಳು.

"ಇದು ಕೆಂಪು ಪಟ್ಟೀದು ಮೇಡಂ. ನೆಲದ್ದೇನೂ ತಪ್ಪಿಲ್ಲ. ನಾನೇ ಮನೆಗೆ ಹೊತ್ಕಂಡೋದೆ."

ಮೇಡಂ ನನ್ನ ಮಡಿಕೆಯೊಳಗೆ ಕಡ್ಡಿ ಆಡಿಸಿದರು. ಕಪ್ಪು ಪುಡಿ ಉದುರಿತು.

"ಇದ್ರಲ್ಲೇನವ್ವಾ ಮಣ್ಣು ಕಲಸಿದ್ದು?" ಎಂದಳು ದೇವೀರಿ.



ನೆಲವನ್ನು ಮತ್ತೆ ಪರೀಕ್ಷೆ ಮಾಡಿ ಸಂಘಕ್ಕೆ ಕೊಟ್ಟರು. ಈಗ ಅಲ್ಲಿ ಕನಕಾಂಬರ ಅರಳುತ್ತದೆ. ಗುಂಡಿ ಮೊದಲೇ ಮುಚ್ಚಿದ್ದರಿಂದ ವಿಷ ಉದುರದಂತೆ ನನ್ನ ಮಡಿಕೆಗೆ ಮೇಣ ತುಂಬಿ, ಹೊಸದಾಗಿ ಕೆಲಸಕ್ಕೆ ಬರುವವರಿಗೆ ಎಚ್ಚರಿಕೆಯಾಗಲೆಂದು ಸಾಮಾನಿನ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾರೆ. ದೇವೀರಿ ತವರಿಗೆ ಬರುವುದು ಅಪರೂಪ. ಮಗುವಿಗೆ ಮೂರು ದಾಟಿತು. ನಡೆಯುತ್ತದೆ, ನಗುತ್ತದೆ, ಮಾತು ಇನ್ನೂ ಬಂದಿಲ್ಲ.

ಅಂದು ನನ್ನನ್ನು ಹೂಳಿದ್ದರೆ ಹೇಳಲು ನನಗೆ ಕಥೆಯೇ ಇರುತ್ತಿರಲಿಲ್ಲ. ಹಾಗೇ ಆಗಬೇಕಿತ್ತು.

ಪ್ರತಿ ಆಯುಧಪೂಜೆಗೆ ಹೊಂಬಾಳಮ್ಮ ಎಲ್ಲ ಸಾಮಾನಿಗೂ ಕುಂಕುಮ ಇಡುತ್ತಾಳೆ. ಕೊನೆಗೆ ನನ್ನ ಬಳಿ ಬರುತ್ತಾಳೆ. ನನಗೆ ಕುಂಕುಮವಿಲ್ಲ. ಬಣ್ಣದ ಡಬ್ಬಿ ತೆರೆದು, ಮಾಸದಿದ್ದರೂ, ಹಿಂದಿನ ವರ್ಷದ ಪಟ್ಟಿಯ ಮೇಲೆ ಮತ್ತೊಮ್ಮೆ ಕೆಂಪು ಬಣ್ಣ ಬಳಿಯುತ್ತಾಳೆ. ಅದು ಒಣಗುವವರೆಗೂ ಎದುರಿಗೇ ನಿಂತಿರುತ್ತಾಳೆ.