ಕರಗುವ ಸೂಜಿ

ಆ ದಿನವೂ ಬೆಳಗಿನ ಪೂಜೆ ಮುಗಿಸಿ, ಸಿರಿಂಜಿನ ಡಬ್ಬಿ ಹಿಡಿದು ಅಕ್ಕನ ಮನೆಗೆ ಹೋದೆ. ಅವಳ ಸೊಸೆ ಮಂದಾಕಿನಿ ಬಾಗಿಲಲ್ಲೇ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು.

"ಚಿಕ್ಕತ್ತೆ, ಇನ್ನು ಸೂಜಿ ಬೇಡ," ಎಂದಳು.

ಅಕ್ಕ ನಸುಕಿನಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು.

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅಕ್ಕನ ಸಕ್ಕರೆ ಕಾಯಿಲೆಗೆ ಹದಿನಾರು ವರ್ಷ ದಿನವೂ ನಾನೇ ಇಂಜೆಕ್ಷನ್ ಕೊಟ್ಟೆ. "ನಿನ್ನ ಕೈ ನೋಡಿ ಸೊಳ್ಳೆಯೂ ಹೊಟ್ಟೆಕಿಚ್ಚು ಪಡಬೇಕು ಕಣೇ," ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಜ್ವರವಿದ್ದರೂ ಹೋಗುತ್ತಿದ್ದೆ.

ಆಮೇಲೆ ಡಾಕ್ಟರು ಇಂಜೆಕ್ಷನ್ ಬದಲು ಮೈಗೆ ಅಂಟಿಸುವ ಹೊಸ ಔಷಧಿ ಪಟ್ಟಿಯೊಂದನ್ನು ಬರೆದುಕೊಟ್ಟರು. ಹೆಬ್ಬೆರಳಿನಷ್ಟು ಅಗಲ. ಅದರ ಒಂದು ಮುಖದಲ್ಲಿ ರವೆಯಷ್ಟು ಸಣ್ಣ ಸೂಜಿಗಳು, ಔಷಧಿಯಿಂದಲೇ ಮಾಡಿದವು. ತೋಳಿಗೆ ಒತ್ತಿದರೆ ಚರ್ಮದೊಳಗೇ ಕರಗುತ್ತಿದ್ದವು. ನೋವಿಲ್ಲ, ರಕ್ತವಿಲ್ಲ. ಆದರೆ ಕರಗುವ ತನಕ ಒತ್ತಿ ಹಿಡಿದಿರಬೇಕು. ಹಿಡಿಯುತ್ತಿದ್ದವಳು ಮಂದಾಕಿನಿ. ನಾನು ಸೂಜಿ ಚುಚ್ಚುತ್ತಿದ್ದಾಗ ನನ್ನ ಕೆಲಸ ಕ್ಷಣದಲ್ಲಿ ಮುಗಿಯುತ್ತಿತ್ತು. ಅವಳು ಅಕ್ಕನ ತೋಳು ಹಿಡಿದು ಕಾಲುಗಂಟೆ ಕೂರುತ್ತಿದ್ದಳು. ಇಬ್ಬರೂ ಏನೇನೋ ಹೇಳಿಕೊಂಡು ನಗುತ್ತಿದ್ದರು. ಜಪಕ್ಕೆ ಕುಳಿತರೂ ನನ್ನ ಕಿವಿಯಲ್ಲಿ ಆ ನಗುವೇ.

ಒಮ್ಮೆ ಅಕ್ಕ ಒಬ್ಬಳೇ ಇದ್ದಾಗ ಹೇಳಿದೆ: "ಅವು ಪೂರ್ತಿ ಕರಗುವುದಿಲ್ಲ ಅಕ್ಕ. ಚೂರುಗಳು ಮೈಯಲ್ಲೇ ಉಳಿದು ಹೃದಯಕ್ಕೆ ಹೋಗುತ್ತವೆ. ಕಣ್ಣಾರೆ ಕಂಡಿದ್ದೇನೆ."

ಸುಳ್ಳು. ಅಕ್ಕ ನನ್ನ ಮುಖವನ್ನೇ ನೋಡಿದಳು. ಎರಡು ದಿನ ಬಿಟ್ಟು, "ನಾಳೆಯಿಂದ ನೀನೇ ಬಾ," ಎಂದು ಹೇಳಿಕಳಿಸಿದಳು. ಗೆದ್ದೆನೆಂದು ಹಿಗ್ಗಿದೆ. ನನ್ನ ಕೈ ಆಗಲೇ ನಡುಗುತ್ತಿತ್ತು, ಅದನ್ನು ಒಪ್ಪಿಕೊಳ್ಳಲಿಲ್ಲ.

ಕೊನೆಯ ಸ್ನಾನ ಮಾಡಿಸುವಾಗ ಅಕ್ಕನ ಎರಡೂ ತೋಳುಗಳ ಮೇಲೆ ನೀಲಿ ಕಲೆಗಳಿದ್ದವು. ದಿನವೂ ಕಣ್ಣಿಗೆ ಬಿದ್ದಿದ್ದರೂ ಅಂದೇ ನೋಡಿದಂತಾಯಿತು.

"ಪಟ್ಟಿ ಬಿಡಿಸಿದವಳು ನಾನೇ. ಸುಳ್ಳು ಹೇಳಿದ್ದೆ," ಎಂದೆ.

ಮಂದಾಕಿನಿ ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಅತ್ತೆ ಮರುದಿನವೇ ಡಾಕ್ಟರನ್ನು ಕೇಳಿದ್ದರು."

"ಮತ್ತೆ ಯಾಕೆ..."

"'ಬೇಡ ಅಂದರೆ ಅವಳು ಈ ಕಡೆ ತಲೆ ಹಾಕೋದಿಲ್ಲ, ಹಠಮಾರಿ. ಚುಚ್ಚಲಿ ಬಿಡು' ಅಂದರು." ಇನ್ನೊಂದು ಚೊಂಬು ನೀರು ಹೊಯ್ದು, "ಅವತ್ತು ನನಗೂ ಹೊಟ್ಟೆಕಿಚ್ಚಾಯಿತು, ಚಿಕ್ಕತ್ತೆ," ಎಂದಳು.

ಈಗ ದೇವರ ಮುಂದೆ ಕುಳಿತಾಗ ನನಗಾಗಿ ಏನನ್ನೂ ಕೇಳುವುದಿಲ್ಲ. ಭಗವಂತ, ನನ್ನ ಅಕ್ಕನನ್ನು ನೋವಿಲ್ಲದ ಕಡೆ ಇಡು. ಅಲ್ಲಿ ಅವಳ ತೋಳನ್ನು ಯಾರು ಹಿಡಿದಿದ್ದರೂ ಸರಿ, ಅವಳಿಗೆ ಶಾಂತಿ ಸಿಗಲಿ.