ಲೆಂಪಿ ಅಜ್ಜಿಯ ಬಿಚ್ಚುಬಿಲ್ಲು

ಡ್ವೇನ್ ಲಂಪಿನೆನ್ ತನ್ನ ಟ್ರಕ್ಕಿನ ಬಾಗಿಲನ್ನು ಎಂದೂ ಮೆಲ್ಲಗೆ ಹಾಕಿದವನಲ್ಲ. ಸಿಟ್ಟು ಬಂದರೂ ಧಡಾರ್, ಬರದಿದ್ದರೂ ಧಡಾರ್. ಆ ಶನಿವಾರ ಬೆಳಿಗ್ಗೆ ಸಿಟ್ಟು ನೆತ್ತಿಗೇರಿತ್ತು. ಕಾಡಿನ ಬೇಟೆ ಕ್ಯಾಂಪಿನ ಅಂಗಳದಲ್ಲಿ ಇಳಿದು ಬಡಿದಾಗ ಧಡಾರ್ ಅನ್ನಬೇಕಾದ ಬಾಗಿಲು ಲಟಕ್ ಅಂದಿತು. ತಿರುಗಿ ನೋಡಿದ. ತಾತನ ಬಿಲ್ಲಿನ ತುದಿ ಬಾಗಿಲ ಸಂದಿಯಲ್ಲಿ ಸಿಕ್ಕಿ, ಮುರಿದ ಬೆರಳಿನಂತೆ ಜೋತುಬಿದ್ದಿತ್ತು.

ಅದು ಇಡಿಬಿಲ್ಲು. ಹಿಡಿ, ತೋಳು, ಹಿಂದಕ್ಕೆ ಬಾಗಿದ ತುದಿ, ಎಲ್ಲ ಒಂದೇ ಮೈ. ಹೂವಿನಷ್ಟು ಹಗುರ, ಬಾಣ ಬಿಟ್ಟರೆ ಪಕ್ಕದಲ್ಲಿ ನಿಂತವನಿಗೂ ಸದ್ದು ಕೇಳದು. ಒಂದೇ ತೊಂದರೆ, ಯಾವ ಟ್ರಕ್ಕಿನೊಳಗೂ ನೆಟ್ಟಗೆ ಹಿಡಿಸುವುದಿಲ್ಲ.

ಐನರ್ ತಾತ ಹೋದ ಚಳಿಗಾಲ ತೀರಿಕೊಂಡಿದ್ದ. ಒಲೆಯ ಪಕ್ಕದ ಅವನ ಮಂಚ ಖಾಲಿ ಬಿದ್ದಿತ್ತು. ಕ್ಯಾಂಪಿನಲ್ಲಿ ಮಂಚ ಇದ್ದವನಿಗೆ ಮಾತ್ರ ಶರತ್ಕಾಲದ ಜಿಂಕೆ ಬೇಟೆ. ಇಲ್ಲದವನು ಮನೆಯಲ್ಲಿ ಕೂತು ಕಿಟಕಿ ನೋಡಬೇಕು. ಖಾಲಿ ಮಂಚಕ್ಕಾಗಿ ಮನೆತನದವರು ಆಗಸ್ಟಿನಲ್ಲಿ ಬಾಣ ಬಿಡಬೇಕು, ಬಿಲ್ಲು ಅದನ್ನು ಹಿಡಿದವನಿಗಿಂತ ಹಳೆಯದಾಗಿರಬೇಕು. ಹೆಚ್ಚು ಗುರಿ ಹೊಡೆದವನಿಗೆ ಮಂಚ. ಹುಡುಗನಾಗಿದ್ದಾಗಿನಿಂದ ಬೇಸಿಗೆಯಲ್ಲಿ ಆ ಮಂಚದ ಕೆಳಗೆ ನೆಲದ ಮೇಲೆ ಮಲಗಿ, ಮೇಲಿನಿಂದ ಬರುತ್ತಿದ್ದ ತಾತನ ಗೊರಕೆಯನ್ನೇ ಲಾಲಿ ಮಾಡಿಕೊಂಡು ಬೆಳೆದವನು ಡ್ವೇನ್. ಅಂದೇ ಆ ಪಂದ್ಯ, ಮಂಚಕ್ಕೆ ತಾತನ ಅಳಿಯ ಗಾರ್ಡಿ ಅಡ್ಡ ಬಂದಿದ್ದ. ತಾತ ಬದುಕಿರುವಾಗ ಕ್ಯಾಂಪಿನ ಕಡೆ ತಲೆ ಹಾಕದ ಮನುಷ್ಯ! ಡ್ವೇನನ ಸಿಟ್ಟಿಗೆ ಅದೇ ಕಾರಣ.

ಗಾರ್ಡಿ ತನ್ನ ಹಳೆಯ ಇಡಿಬಿಲ್ಲನ್ನು ಹೆಗಲಿಗೆ ಏರಿಸಿಕೊಂಡು ನಗುತ್ತಾ ಬಂದ. "ಏನಳಿಯಾ, ಬಿಲ್ಲನ್ನೇ ಬೇಟೆ ಆಡ್ದಂಗಿದೆ?"

"ಮುಚ್ಚು ಮಾವ."

ಬೆಂಚಿನ ಮೇಲೆ ಕೂತು ಮಾಂಸದ ಕಡುಬಿನ ಮೂಲೆ ಮುರಿದು ತಿನ್ನುತ್ತಿದ್ದ ಲೆಂಪಿ ಅಜ್ಜಿ ಕೈ ಒರೆಸಿಕೊಂಡಳು. ಐನರನ ತಂಗಿ ಅವಳು, ಕ್ಯಾಂಪಿನಲ್ಲಿ ಸ್ವಂತ ಮಂಚವಿದ್ದ ಒಬ್ಬಳೇ ಹೆಂಗಸು. ತನ್ನ ಕಾರಿನಿಂದ ಹಿತ್ತಾಳೆ ಮೂಲೆಯ ಪೆಟ್ಟಿಗೆ ತಂದು ಡ್ವೇನನ ಮುಂದಿಟ್ಟಳು.

ಒಳಗೆ ಅವಳ ಬಿಚ್ಚುಬಿಲ್ಲು. ನಡುವಿನ ಮರದ ಹಿಡಿ ಒಂದು ಕಡೆ, ತೋಳುಗಳು ಇನ್ನೊಂದು ಕಡೆ. ಕೈತಿರುಪು ಹಾಕಿ ಬಿಗಿದರೆ ಬಿಲ್ಲು, ಬಿಚ್ಚಿದರೆ ಸಾಮಾನು. ಬೇಸಿಗೆ ಪೂರ್ತಿ ಡ್ವೇನ್ ಅದನ್ನು ಹಲ್ಲಿನ ಸೆಟ್ಟು ಎಂದು ಗೇಲಿ ಮಾಡಿದ್ದ. ರಾತ್ರಿ ಲೋಟದ ನೀರಲ್ಲಿ ಹಾಕಿಡ್ತೀಯಾ ಅಜ್ಜಿ, ಎಂದೂ ಕೇಳಿದ್ದ.

"ತಗೋ, ಕೊಡ್ತೀನಿ," ಅಂದಳು ಲೆಂಪಿ. "ಆದ್ರೆ ಮೊದ್ಲು ಎಲ್ರಿಗೂ ಕೇಳೋ ಹಂಗೆ, ಈ ಹಲ್ಲು ಕಚ್ಚುತ್ತೆ, ಅಂತ ಹೇಳ್ಬೇಕು."

"ಅಜ್ಜೀ!"

"ಹೇಳ್ದೇ ಇದ್ರೆ ಬಾಗಿಲು ಬಡ್ಕೊಂಡು ಮನೆಗೋಗು."

ಡ್ವೇನ್ ಪೈನ್ ಮರದ ಕಡೆ ಮುಖ ಮಾಡಿ ಗುಟುರು ಹಾಕಿದ: "ಈ ಹಲ್ಲು ಕಚ್ಚುತ್ತೆ!" ಅಂಗಳದಲ್ಲಿ ನೆರೆದಿದ್ದ ಕ್ಯಾಂಪಿನವರೆಲ್ಲ ಹೋ ಎಂದರು. ಕ್ಯಾಂಪಿನ ಹಿರಿಯ ವಿಲ್ಹೋ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡ.

ಪೆಟ್ಟಿಗೆಯಲ್ಲಿ ಎರಡು ಜೊತೆ ತೋಳುಗಳಿದ್ದವು. ಹಗುರವಾದವು ಈಗ ಅಜ್ಜಿ ಬಳಸುವಂಥವು. ಬಟ್ಟೆ ಸುತ್ತಿಟ್ಟ ಬಿರುಸಿನವು ಅವಳ ಹರೆಯದವು. "ನಂಗೆ ವಯಸ್ಸಾದಂಗೆಲ್ಲ ತೋಳು ಬದಲಾಯಿಸ್ಕೊಂಡೆ. ಹಿಡಿ ಮಾತ್ರ ಅದೇ," ಅಂದಳು. ನಿಜ, ಹಿಡಿಯ ಮೇಲೆ ಅವಳ ಅಂಗೈಯ ಅಚ್ಚು ತಗ್ಗಾಗಿ ಕೂತಿತ್ತು. ಡ್ವೇನ್ ಬಿರುಸಿನ ಜೊತೆಯನ್ನು ಎಳೆದು, ಸರಸರ ತಿರುಪು ಬಿಗಿದು, ಹೆದೆ ಏರಿಸಿದ. ಒಬ್ಬರನ್ನೂ ಏನೂ ಕೇಳಲಿಲ್ಲ. ಕೇಳುವ ಜಾತಿಯೇ ಅಲ್ಲ ಅವನದು. ಹದಿನಾರಕ್ಕೆ ಶಾಲೆ ಬಿಟ್ಟದ್ದೂ ಮೇಷ್ಟರನ್ನು ಏನೂ ಕೇಳಲಾರದೆ.

ಕಾಡಿನ ದಾರಿಯುದ್ದಕ್ಕೂ ರಬ್ಬರಿನ ಪ್ರಾಣಿಗಳನ್ನು ನಿಲ್ಲಿಸಿದ್ದರು. ಮೊದಲನೆಯದು ಕರಡಿ. ಗಾರ್ಡಿಯ ಬಾಣ ಸದ್ದಿಲ್ಲದೆ ಹೋಗಿ ಎದೆಗೆ ನೆಟ್ಟಿತು. ಡ್ವೇನ್ ಎಳೆದು ಬಿಟ್ಟ. ಬಿಲ್ಲು ಕೈಯಲ್ಲಿ ಒದೆಯುವ ಕುದುರೆಯಂತೆ ಜಿಗಿಯಿತು, ಬಾಣ ಕರಡಿಯ ಬೆನ್ನ ಮೇಲಿಂದ ಹಾರಿ ಜರೀಗಿಡಗಳೊಳಗೆ ಮಾಯವಾಯಿತು. ಮುಂದೆ ಕಾಡುಕೋಳಿ: ಅದರ ತಲೆಯ ಮೇಲಿಂದ. ಮುಂದೆ ತೋಳ: ಅದೂ ಬದುಕಿಕೊಂಡಿತು.

ಹಿಂದೆ ಬರುತ್ತಿದ್ದವರೆಲ್ಲ ತುಟಿ ಕಚ್ಚಿಕೊಂಡು ಆಕಾಶ ನೋಡುತ್ತಿದ್ದರು. ವಿಲ್ಹೋನ ಭುಜ ಕುಲುಕುತ್ತಿತ್ತು. ಡ್ವೇನನಿಗೆ ಅರ್ಥವಾಯಿತು: ಇವರಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ. ಹೇಳುವಂತೆಯೂ ಇಲ್ಲ. ಯಾರೂ ಕೇಳದೆ ಬುದ್ಧಿ ಹೇಳಿದವನು ಅಂದಿನಿಂದ ಬೇಟೆ ಕಾಲ ಮುಗಿಯುವ ತನಕ ಎಲ್ಲರ ಪಾತ್ರೆ ತೊಳೆಯಬೇಕು. ಅದು ಕ್ಯಾಂಪಿನ ಕಟ್ಟಳೆ. ಬಿಲ್ಲುಗಾರರು ನಾಲ್ಕು ಜನ ಸೇರಿದ ಕಡೆ ಐದು ಬುದ್ಧಿಮಾತು ಹುಟ್ಟುತ್ತಿದ್ದ ಕಾಲದಲ್ಲಿ ಬೇಸತ್ತು ಮಾಡಿದ್ದು. ಗಂಟಲವರೆಗೆ ಬಂದ ಮಾತನ್ನು ನುಂಗಿ ನುಂಗಿ ಎಲ್ಲರ ಮುಖ ಕೆಂಪಾಗಿತ್ತು.

ಕೇಳಿದರೆ ಹೇಳುತ್ತಾರೆ. ಆದರೆ ಇವರನ್ನು, ಅದೂ ಗಾರ್ಡಿಯ ಎದುರಿಗೆ ಕೇಳುವುದೇ? ನಾಲಿಗೆ ಕಿತ್ತು ಬಾಣಕ್ಕೆ ಕಟ್ಟಿ ಬಿಟ್ಟುಬಿಡೋಣ ಅನ್ನಿಸಿತು. ಮುಂದಿನ ಗುರಿ ಜಿಂಕೆ. ಜಿಂಕೆ ಕಂಡದ್ದೇ ಒಲೆ ನೆನಪಾಯಿತು, ಒಲೆಯ ಪಕ್ಕದ ಮಂಚ ನೆನಪಾಯಿತು, ಅದರ ಮೇಲೆ ಗಾರ್ಡಿ ಕಾಲು ಚಾಚಿ ಮಲಗಿದ್ದೂ ಕಂಡುಬಿಟ್ಟಿತು.

"ಅಜ್ಜಿ," ಅಂದ, ಹಲ್ಲು ಕಚ್ಚಿಕೊಂಡೇ. "ಏನು ತಪ್ಪಾಗಿದೆ? ಕೇಳ್ತಾ ಇದ್ದೀನಿ."

"ಏನಂದೆ? ಕಿವಿ ಮಂದ ನಂಗೆ."

"ಕೇಳ್ತಾ ಇದ್ದೀನಿ ಅಂದೆ!"

ಕಟ್ಟೆ ಒಡೆಯಿತು. "ಮೇಲಿನ ತೋಳು ಕೆಳಗಾಕಿದ್ದೀಯಲ್ಲೋ!" "ಕೆಂಪು ಚುಕ್ಕೆ ಮೇಲಿರ್ಬೇಕು ಕಣೋ!" "ನಿನ್ನ ಮೊಣಕಾಲತ್ರ ಹೊಳೀತಾ ಇದೆ ನೋಡು!" ಕಾಡಿನ ಹಕ್ಕಿಗಳೆಲ್ಲ ಎದ್ದು ಹೋದವು. ನೋಡಿದರೆ ಹೌದು, ಲೆಂಪಿಯ ಉಗುರು ಬಣ್ಣದ ಒಂದು ಕೆಂಪು ಚುಕ್ಕೆ ಕೆಳಗಿನ ತೋಳಿನಲ್ಲಿ. ಕೆಳತೋಳು ತುಸು ಬಿರುಸು, ಮೇಲ್ತೋಳು ತುಸು ಮೆದು ಎಂದು ಮಾಡಿದ ಜೊತೆಯನ್ನು ಅವನು ತಲೆಕೆಳಗು ಮಾಡಿದ್ದ. ಇಡಿಬಿಲ್ಲಿನವನಿಗೆ ಇಂಥ ತಪ್ಪು ಮಾಡಲು ಅವಕಾಶವೇ ಇರುವುದಿಲ್ಲ.

ಹೆದೆ ಇಳಿಸಿ, ತೋಳು ಅದಲುಬದಲು ಮಾಡಿ, ಬಿಗಿದು, ಎಳೆದ. ಈ ಸಲ ಬಿಲ್ಲು ಕಂಬದಂತೆ ನಿಂತಿತು. ತಾತನ ಬಿಲ್ಲಿಗಿಂತ ಹಿಡಿ ಭಾರ, ಆ ಭಾರಕ್ಕೇ ಕೈ ಅಲುಗಲಿಲ್ಲ. ಬಾಣ ಜಿಂಕೆಯ ಎದೆಯಲ್ಲಿ.

ಅಲ್ಲಿಂದ ಡ್ವೇನ್ ತಪ್ಪಲಿಲ್ಲ. ಗಾರ್ಡಿ ತಪ್ಪತೊಡಗಿದ. ಅವನದು ಹರೆಯದಲ್ಲಿ ಯಾರಿಂದಲೋ ಕೊಂಡ ಹಳೆಯ ಬಿರುಸು ಬಿಲ್ಲು. ಮನುಷ್ಯ ಮೆತ್ತಗಾಗಿದ್ದ, ಬಿಲ್ಲು ಆಗಿರಲಿಲ್ಲ. ಮಧ್ಯಾಹ್ನವಾಗುವಷ್ಟರಲ್ಲಿ ಹೆದೆಯನ್ನು ಪೂರ್ತಿ ಎಳೆಯಲಾರದೆ ಅರ್ಧಕ್ಕೇ ಬಿಡುತ್ತಿದ್ದ. ಹಿಂದೆ ಬಿದ್ದಿದ್ದ ಡ್ವೇನ್ ಅವನ ಸಮಕ್ಕೆ ಬಂದ. ಕೊನೆಯದು ಹಳ್ಳದಾಚೆಯ ನೀರುನಾಯಿ. ಗಾರ್ಡಿಯ ಬಾಣ ನೀರಿಗೆ ಬಿತ್ತು. ಡ್ವೇನನದು ನೀರುನಾಯಿಗೆ.

ಅವನು ಕೂಗಲೂ ಇಲ್ಲ, ಕುಣಿಯಲೂ ಇಲ್ಲ. ನೇರ ಒಳಗೆ ಹೋಗಿ ತಾತನ ಮಂಚದ ಮೇಲೆ ಬೂಟಿನ ಸಮೇತ ಮಲಗಿ, ಸೂರು ನೋಡಿ ಬಂದ. ಹೊರಗೆ ಬಂದಾಗ ಗಾರ್ಡಿ ಸಪ್ಪೆ ಮುಖ ಮಾಡಿಕೊಂಡು ತನ್ನ ಬಿಲ್ಲನ್ನು ಹೆದೆ ಇಳಿಸದೆ, ತುದಿ ನೆಲಕ್ಕೂರಿ, ಬಿಸಿಲಿನ ಗೋಡೆಗೆ ಒರಗಿಸುತ್ತಿದ್ದ.

"ಮಾವಾ! ಹಂಗೆ ನಿಲ್ಲಿಸ್ಬೇಡ! ತೋಳು ತಿರುಚ್ಕೊಳುತ್ತೆ, ಬಿಸಿಲಿಗೆ ಪದರದ ಅಂಟು ಬಿಡುತ್ತೆ!"

ಗಾರ್ಡಿಯ ಮುಖ ನಿಧಾನವಾಗಿ ಅರಳಿತು. "ನಾನು ಕೇಳಿದ್ನಾ?"

"ಇಲ್ಲಪ್ಪ, ನೀನು ಕೇಳಿದ್ದು ನಾವ್ಯಾರೂ ಕೇಳಿಸ್ಕೊಳ್ಲಿಲ್ಲ," ಎನ್ನುತ್ತ ವಿಲ್ಹೋ ಪಾತ್ರೆ ಉಜ್ಜುವ ಬ್ರಷ್ಷನ್ನು ರಾಜದಂಡದಂತೆ ಎರಡೂ ಕೈಯಲ್ಲಿ ತಂದು ಡ್ವೇನನಿಗೆ ಕೊಟ್ಟ.

ಊಟವಾದ ಮೇಲೆ ಡ್ವೇನ್ ಬಾಣಲೆಗಳನ್ನು ಲೋಕದ ಮೇಲಿನ ಸೇಡು ತೀರುವಷ್ಟು ಗಟ್ಟಿಯಾಗಿ ಉಜ್ಜುತ್ತಿದ್ದ. ಗಾರ್ಡಿ ಟವೆಲ್ ಹಿಡಿದು ಪಕ್ಕ ಬಂದು ನಿಂತು, ಒಂದು ತಟ್ಟೆ ಒರೆಸಿದ, ಇನ್ನೊಂದು ಒರೆಸಿದ.

"ಅಲ್ಲಾ ಡ್ವೇನ್, ಲೆಂಪಿಯ ಬಿಚ್ಚುಬಿಲ್ಲಿನಂಥದ್ದು, ಹಗುರ ತೋಳಿಂದು, ನನ್ನ ಕೈಗೆ ಒಗ್ಗುತ್ತಾ? ಕೇಳ್ತಾ ಇದ್ದೀನಿ ಕಣೋ. ಎಲ್ರೂ ಕೇಳಿಸ್ಕೊಳ್ರಪ್ಪಾ, ನಾನೇ ಕೇಳ್ತಾ ಇದ್ದೀನಿ."

ಡ್ವೇನ್ ಬ್ರಷ್ಷು ಕೆಳಗಿಟ್ಟ. ಬೆಳಗಿನಿಂದ ಮೊದಲ ಸಲ ಬಾಯಿ ತುಂಬ ನಕ್ಕ.

"ಹೇಳ್ತೀನಿ ಮಾವ. ಮೊದ್ಲು ಅಂಗಳಕ್ಕೋಗಿ ಪೈನ್ ಮರದ ಕಡೆ ಮುಖ ಮಾಡ್ಕೊಂಡು ನಿಂತ್ಕೋ."